ಓವರ್‌ಫ್ಲೋ ಬಾಯಿಗೆ ಏನು ಕಟ್ಟಬೇಕು? ಐದು ತಡೆಗಳ ಹೋಲಿಕೆ

ಸಂಪ್ (ನೀರನ್ನು ಸೋಸಿ ಪಂಪಿನಿಂದ ಮತ್ತೆ ಮೇಲೆ ಕಳಿಸುವ ಕೆಳಗಿನ ತೊಟ್ಟಿ) ಇರುವ ಮೀನಿನ ಟ್ಯಾಂಕಿನಲ್ಲಿ ನಿಯಾನ್ ಟೆಟ್ರಾನೋ ಗಪ್ಪಿ ಮರಿಯೋ ಕಾಣೆಯಾದರೆ ಮೊದಲು ಓವರ್‌ಫ್ಲೋ ಬಾಕ್ಸಿನ (ಟ್ಯಾಂಕಿನ ಮೇಲ್ಮಟ್ಟದ ನೀರು ಸಂಪಿಗೆ ಇಳಿಯುವ ಡಬ್ಬದ) ತಳ ನೋಡಬೇಕು, ಆಮೇಲೆ ಸಂಪಿನಲ್ಲಿ ಕಸ ಹಿಡಿಯುವ ಬಟ್ಟೆ ಚೀಲ, ಅಂದರೆ ಫಿಲ್ಟರ್ ಸಾಕ್ಸ್. ಅಂಗಡಿಯಲ್ಲಿ ಕೇಳಿದರೆ "ಸ್ಪಾಂಜ್ ತುರುಕಿ ಸಾರ್" ಅನ್ನುತ್ತಾರೆ. ತುರುಕಿದರೆ ಮೀನು ಉಳಿಯುತ್ತದೆ ನಿಜ, ಸ್ಪಾಂಜ್ ಕಟ್ಟಿಕೊಂಡು ನೀರು ಉಕ್ಕಿದರೆ ಮನೆಯ ನೆಲ ಉಳಿಯುವುದು ಅನುಮಾನ.

ಹೋಲಿಕೆಗೆ ಬಳಸಿದ್ದು 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಸಿಹಿನೀರಿನ ಟ್ಯಾಂಕ್. ಓವರ್‌ಫ್ಲೋ ಬಾಚಣಿಗೆ (ನೀರು ಬಾಕ್ಸಿಗೆ ಹೋಗುವ ಹಲ್ಲುಹಲ್ಲಿನ ಅಂಚು) 20 ಸೆಂ.ಮೀ. ಅಗಲ, ಸೀಳು 6 ಮಿ.ಮೀ., ಹಲ್ಲೂ ಅಷ್ಟೇ. ಬಾಕ್ಸಿನೊಳಗೆ 25 ಮಿ.ಮೀ. ಒಳವ್ಯಾಸದ ಪೈಪು. ಪಂಪಿನ ಡಬ್ಬದ ಮೇಲಿನ ಅಂಕಿಯನ್ನು ನಂಬಬೇಡಿ, ಎತ್ತರಕ್ಕೆ ತಳ್ಳುವಾಗ ಅದು ಎಷ್ಟೋ ಕಡಿಮೆಯಾಗಿರುತ್ತದೆ. ಸಂಪಿಗೆ ಬೀಳುವ ಪೈಪಿನ ಕೆಳಗೆ 10 ಲೀಟರ್ ಬಕೆಟ್ ಹಿಡಿದು ಗಡಿಯಾರ ನೋಡಿ. ಇಲ್ಲಿ 30 ಸೆಕೆಂಡಿಗೆ ತುಂಬಿತು, ಅಂದರೆ ಗಂಟೆಗೆ 1,200 ಲೀಟರ್.

ತೂತು ಎಷ್ಟು ಚಿಕ್ಕದು ಅನ್ನುವುದನ್ನೇ ಎಲ್ಲರೂ ನೋಡುತ್ತಾರೆ. ಅದರಷ್ಟೇ ಮುಖ್ಯವಾದದ್ದು ತೂತಿನಲ್ಲಿ ನೀರು ಎಷ್ಟು ಜೋರಾಗಿ ಹೋಗುತ್ತಿದೆ ಅನ್ನುವುದು. ಗಂಟೆಗೆ 1,200 ಲೀಟರ್ ಅಂದರೆ ಸೆಕೆಂಡಿಗೆ 333 ಮಿ.ಲೀ. ಇದನ್ನು ತೂತುಗಳ ಒಟ್ಟು ಚದರ ಸೆಂ.ಮೀ.ನಿಂದ ಭಾಗಿಸಿದರೆ ವೇಗ ಸಿಗುತ್ತದೆ. ಬರಿಯ ಪೈಪಿನ ಬಾಯಿ 4.9 ಚದರ ಸೆಂ.ಮೀ., ಅಲ್ಲಿ ನೀರು ಸೆಕೆಂಡಿಗೆ 68 ಸೆಂ.ಮೀ. ಓಡುತ್ತದೆ. ಬಾಚಣಿಗೆಯಲ್ಲಿ ನೀರು ಸುಮಾರು 1.5 ಸೆಂ.ಮೀ. ಆಳ ಹರಿಯುತ್ತದೆ, ಅರ್ಧ ಜಾಗ ಹಲ್ಲಿನದು. ಉಳಿದ 15 ಚದರ ಸೆಂ.ಮೀ.ನಲ್ಲಿ ವೇಗ 22 ಸೆಂ.ಮೀ. ಆಗತಾನೆ ಹುಟ್ಟಿದ ಗಪ್ಪಿ ಮರಿ 6ರಿಂದ 8 ಮಿ.ಮೀ. ಉದ್ದ. ಅಂಥ ಸೆಳೆತದೆದುರು ಅದು ನಿಲ್ಲಲಾರದು. ವೇಗ 5 ಸೆಂ.ಮೀ.ಗಿಂತ ಕೆಳಗಿಳಿಯಬೇಕಾದರೆ ಕನಿಷ್ಠ 67 ಚದರ ಸೆಂ.ಮೀ. ಬಯಲು ತೂತು ಬೇಕು. ಐದು ತಡೆಗಳನ್ನೂ ಈ ಲೆಕ್ಕದಲ್ಲೇ ಅಳೆದಿದ್ದೇವೆ.

ಸೀಳು ಕೊಯ್ದ ಪಿವಿಸಿ ಪೈಪು ಮೊದಲೇ ಸೋತಿತು. ಒಂದೂವರೆ ಇಂಚಿನ ಪೈಪಿಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಸೀಳು ಹಾಕಿ ಮೇಲೆ ಕ್ಯಾಪ್ ಮುಚ್ಚುವುದು ಹಳೆಯ ಉಪಾಯ. ಸೀಳು 1 ಮಿ.ಮೀ. ಅಗಲ, 4 ಸೆಂ.ಮೀ. ಉದ್ದ ಬಂದರೆ ತಲಾ 0.4 ಚದರ ಸೆಂ.ಮೀ. ಮೇಲಿನ ಲೆಕ್ಕಕ್ಕೆ 167 ಸೀಳು ಬೇಕು! ಯಾರೂ ಹಾಕುವುದಿಲ್ಲ, ಮೂವತ್ತು ನಲವತ್ತಕ್ಕೆ ಕೈ ಸೋಲುತ್ತದೆ. ಫಲ, ಮರಿ ಒಳಗೆ ಹೋಗುವುದಿಲ್ಲ, ಸೀಳಿಗೆ ಅಂಟಿಕೊಂಡು ಸಾಯುತ್ತದೆ.

ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ತೂತು ಸುಮಾರು 1.2 ಮಿ.ಮೀ., ಗಪ್ಪಿ ಮರಿ ತೂರುವುದಿಲ್ಲ. ಆದರೆ ಅದನ್ನು ಬಾಚಣಿಗೆಯ ಮೇಲೆಯೇ ಬಿಗಿದರೆ ನೀರು ಹೋಗುವ ದಾರಿ ಅದೇ 15 ಚದರ ಸೆಂ.ಮೀ. ವೇಗ ಇಳಿಯದು, ಮರಿ ಜಾಲರಿಗೆ ಅಂಟುತ್ತದೆ. ವಾರದೊಳಗೆ ಲೋಳೆ ಕಟ್ಟಿ ತೂತು ಕುರುಡಾಗುತ್ತವೆ. ಇನ್ನೊಂದು ಎಚ್ಚರಿಕೆ: ಮಲೇರಿಯಾ ತಡೆಗೆ ಸರ್ಕಾರ ಹಂಚುವ ಹಾಸಿಗೆ ಪರದೆಯನ್ನು ಕತ್ತರಿಸಿ ಹಾಕಲೇಬೇಡಿ. ಅದರ ನೂಲಿನಲ್ಲೇ ಡೆಲ್ಟಾಮೆಥ್ರಿನ್‌ನಂಥ ಕೀಟನಾಶಕ ಇರುತ್ತದೆ. ಸಿಗಡಿ, ಮೀನು ಎರಡಕ್ಕೂ ವಿಷ.

ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಆಕಾರ ಬಿಡುವುದಿಲ್ಲ, ಹಲ್ಲುಜ್ಜುವ ಬ್ರಷ್‌ನಲ್ಲಿ ಎರಡು ನಿಮಿಷಕ್ಕೆ ಶುಚಿಯಾಗುತ್ತದೆ. ಸಿಹಿನೀರಿಗೆ 304 ದರ್ಜೆ ಸಾಕು, ಉಪ್ಪುನೀರಿಗೆ 316. ಕತ್ತರಿಸಿದ ತಂತಿಯ ತುದಿ ಮೀನನ್ನು ಗೀರುವುದರಿಂದ ಅಂಚನ್ನು ಮಡಿಸಲೇಬೇಕು. ಟೀ ಸೋಸುವ ಜರಡಿಯನ್ನೇ ಕವುಚಿ ಹಾಕುವವರಿದ್ದಾರೆ, ಬೆಸುಗೆಯ ಜಾಗದಲ್ಲಿ ತುಕ್ಕು ಶುರುವಾಗುತ್ತದೆ. ಜಿ.ಐ. ಜಾಲರಿ ಬೇಡ, ಸತು ನೀರಿಗಿಳಿಯುತ್ತದೆ. ಹಿತ್ತಾಳೆಯೂ ಬೇಡ, ಅದರಲ್ಲಿ ತಾಮ್ರವಿದೆ.

ಸ್ಪಾಂಜಿನ ಗುಣವನ್ನು ಅಲ್ಲಗಳೆಯುವಂತಿಲ್ಲ. ಇಂಚಿಗೆ 20 ರಂಧ್ರದ ಒರಟು ಸ್ಪಾಂಜನ್ನು 20 ಸೆಂ.ಮೀ. ಅಗಲ, 10 ಸೆಂ.ಮೀ. ಆಳಕ್ಕೆ ನಿಲ್ಲಿಸಿದರೆ ಹೊರಮೈಯಲ್ಲಿ ವೇಗ 2 ಸೆಂ.ಮೀ.ಯೂ ಇಲ್ಲ. ಒಂದೂ ಮರಿ ಹೋಗಲಿಲ್ಲ; ಚೆರ್ರಿ ಸಿಗಡಿಗಳಂತೂ ಇಡೀ ದಿನ ಅದರ ಮೇಲೆ ಮೇಯುತ್ತವೆ. ತೊಂದರೆ ಎರಡು. ನೀರಿನ ಮೇಲಿನ ಎಣ್ಣೆ ಪೊರೆ ಸ್ಪಾಂಜಿನ ಎದುರು ನಿಂತುಬಿಡುತ್ತದೆ, ಅದನ್ನು ಸೆಳೆಯಲೆಂದೇ ಓವರ್‌ಫ್ಲೋ ಇಟ್ಟದ್ದು ವ್ಯರ್ಥ. ಮತ್ತೆ ಐದನೇ ದಿನಕ್ಕೆ ಟ್ಯಾಂಕಿನ ನೀರು 1 ಸೆಂ.ಮೀ. ಏರಿತ್ತು. ವಾರಕ್ಕೆರಡು ಸಲ ಟ್ಯಾಂಕಿನದೇ ನೀರಿನಲ್ಲಿ ಹಿಂಡುವ ತಾಳ್ಮೆ ಇದ್ದವರಿಗೆ ಮಾತ್ರ ಇದು.

ನಮ್ಮ ಓಟು ಪ್ಲಾಸ್ಟಿಕ್ ಕ್ಯಾನ್ವಾಸಿಗೆ. ಉಲ್ಲನ್ ದಾರದಲ್ಲಿ ತೋರಣ ಹೆಣೆಯಲು ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಚೌಕಳಿ ಶೀಟು ಅದೇ. ಇಂಚಿಗೆ 7 ಮನೆ ಇರುವುದನ್ನು ಆರಿಸಿ. ತೂತು ಸುಮಾರು 2.5 ಮಿ.ಮೀ., ಅರ್ಧದಷ್ಟು ಬಯಲು. 35 ಸೆಂ.ಮೀ. ಉದ್ದ, 17 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಎರಡು ತುದಿಯ ನಡುವೆ 24 ಸೆಂ.ಮೀ. ಇರುವಂತೆ ಬಿಲ್ಲಿನ ಹಾಗೆ ಬಗ್ಗಿಸಿ. ಮುಂದಕ್ಕೆ ಸುಮಾರು 11 ಸೆಂ.ಮೀ. ಉಬ್ಬುತ್ತದೆ. ತಳಕ್ಕೆ ಅರ್ಧಚಂದ್ರ ತುಂಡು ಕತ್ತರಿಸಿ ನೈಲಾನ್ ಗಾಳದ ದಾರದಲ್ಲಿ ಹೊಲಿಯಿರಿ. ಮೇಲ್ತುದಿಗಳನ್ನು ಬಾಚಣಿಗೆಯ ಕೊನೆಯ ಹಲ್ಲುಗಳಿಗೆ ಕೇಬಲ್ ಟೈ ಹಾಕಿ ಬಿಗಿದು, ಕೆಳಗೆ ಹೀಟರಿನ ಸಕ್ಷನ್ ಕಪ್ ಎರಡು ಒತ್ತಿದರೆ ಕದಲುವುದಿಲ್ಲ. 15 ಸೆಂ.ಮೀ. ನೀರಿನೊಳಗೆ, 2 ಸೆಂ.ಮೀ. ಮೇಲೆ. ಬಯಲು ಸುಮಾರು 260 ಚದರ ಸೆಂ.ಮೀ., ವೇಗ 1.3 ಸೆಂ.ಮೀ.

ಜಾಲರಿ ಎಷ್ಟೇ ಚೆನ್ನಾಗಿರಲಿ, ಮೀನು ನುಸುಳುವುದು ಅಂಚಿನಲ್ಲಿ. ಗಾಳಿ ಪಂಪಿನ ಮೆತ್ತನೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಕ್ಯಾನ್ವಾಸಿನ ಅಂಚಿಗೆ ಸಿಕ್ಕಿಸಿ. ಗಾಜಿಗೆ ರಬ್ಬರಿನ ಹಾಗೆ ಕೂರುತ್ತದೆ. ಪಶ್ಚಿಮ ಘಟ್ಟದ ನಮ್ಮದೇ ಪೀ ಪಫರ್ ಸಾಕಿದವರಿಗೆ ಇದು ಹೆಚ್ಚು ಅನ್ವಯ. ನಿಧಾನಕ್ಕೆ ಈಜುವ ಮೀನು, ಸಂದಿ ಕಂಡರೆ ಇಣುಕದೆ ಬಿಡದು.

2 ಸೆಂ.ಮೀ.ಗಿಂತ ಉದ್ದದ ಮೀನಿಗೆ ಬರಿಯ ಕ್ಯಾನ್ವಾಸ್ ಸಾಕು. ಹುಟ್ಟಿದ ಗಪ್ಪಿ ಮರಿ 2.5 ಮಿ.ಮೀ. ತೂತಿನಲ್ಲಿ ಜಾರುತ್ತದೆ. ಮರಿ ಇರುವ ವಾರಗಳಲ್ಲಿ ಬಿಲ್ಲಿನ ಹೊರಗೆ ಆ ಕಿಟಕಿ ಜಾಲರಿಯನ್ನೇ ಸುತ್ತಿ: ಬಾಚಣಿಗೆಯ ಮೇಲೆ ಕೊಲೆಗಾರನಾಗಿದ್ದದ್ದು ಇಲ್ಲಿ ಸಾಧು, ಯಾಕೆಂದರೆ ವೇಗ ಹೆಚ್ಚೆಂದರೆ 2 ಸೆಂ.ಮೀ. ಆಸುಪಾಸು.

ಯಾವುದನ್ನೇ ಹಾಕಿ, ಕಟ್ಟಿಕೊಳ್ಳುವ ದಿನವೊಂದು ಬರುತ್ತದೆ. ಡಕ್‌ವೀಡ್ (ನೀರಿನ ಮೇಲೆ ತೇಲುವ ಪುಟ್ಟ ಎಲೆಯ ಗಿಡ) ಇರುವ ಟ್ಯಾಂಕಿನಲ್ಲಿ ಬೇಗ ಬರುತ್ತದೆ. ಶುಚಿಯಾಗಿದ್ದಾಗ ನೀರಿನ ಮಟ್ಟಕ್ಕೆ ಗಾಜಿನ ಹೊರಗೆ ಮಾರ್ಕರಿನಲ್ಲಿ ಗೆರೆ ಎಳೆದಿಡಿ, ಅರ್ಧ ಸೆಂ.ಮೀ. ಏರಿದರೆ ಉಜ್ಜುವ ಹೊತ್ತು. ಪೂರ್ತಿ ಕಟ್ಟಿದರೂ ಕ್ಯಾನ್ವಾಸಿನ ಮೇಲಿಂದ ನೀರು ಬಾಚಣಿಗೆಗೆ ಹೋಗಬೇಕು, ಟ್ಯಾಂಕಿನ ಅಂಚು ದಾಟಬಾರದು. ಅದಕ್ಕೇ 2 ಸೆಂ.ಮೀ. ಲೆಕ್ಕ, ಗಾಜಿನ ಅಂಚು ಅದಕ್ಕೂ 2 ಸೆಂ.ಮೀ. ಮೇಲಿರಲಿ. ಅಲ್ಲಿ ಹಾರುವ ಮೀನಿಗೆ ಬಾಕ್ಸಿನ ಮೇಲೊಂದು ಮುಚ್ಚಳ ಇಡಿ. ಮುಖ್ಯ ಪೈಪು ಕಟ್ಟಿದಾಗ ನೀರು ಇಳಿಸುವ ಎಮರ್ಜೆನ್ಸಿ ಪೈಪ್ ಇದ್ದರೆ ಅದರ ಬಾಯಿಗೆ ಯಾವ ಜಾಲರಿಯೂ ಬೇಡ.

ಇನ್ನೊಂದು ಕಾವಲು ಸಂಪಿನಲ್ಲೇ ಇದೆ. ಈ ಟ್ಯಾಂಕಿನಲ್ಲಿ ಪ್ರತಿ ಸೆಂ.ಮೀ. ಏರಿಕೆಗೆ 5.6 ಲೀಟರ್ ಬೇಕು. ಪಂಪ್ ಇರುವ ಖಾನೆಯಲ್ಲಿ ಎತ್ತಬಲ್ಲ ನೀರು 10 ಲೀಟರ್ ಮಾತ್ರ ಇದ್ದರೆ ಟ್ಯಾಂಕ್ 1.8 ಸೆಂ.ಮೀ. ಏರುವಷ್ಟರಲ್ಲಿ ಪಂಪ್ ಗಾಳಿ ಎಳೆದು ಗೊರಗೊರ ಅನ್ನುತ್ತದೆ. ಪಂಪ್ ಕೆಡಬಹುದು, ಮನೆ ಉಳಿಯುತ್ತದೆ. ಆದರೆ ಆ ಖಾನೆಗೆ ಓವರ್‌ಹೆಡ್ ಟ್ಯಾಂಕಿನಿಂದ ನೇರ ಫ್ಲೋಟ್ ವಾಲ್ವ್ ಕೊಟ್ಟಿದ್ದರೆ ಈ ಲೆಕ್ಕ ಬುಡಮೇಲು: ಖಾಲಿಯಾದಷ್ಟೂ ಅದು ತುಂಬಿಸುತ್ತಲೇ ಇರುತ್ತದೆ. ಆವಿಯಾದ ನೀರನ್ನು ತುಂಬಲು ಫ್ಲೋಟ್ ವಾಲ್ವ್ ಬೇಕೇ ಬೇಕಾದರೆ ಅದನ್ನು 5 ಲೀಟರಿನ ಕ್ಯಾನಿಗೆ ಜೋಡಿಸಿ, ಕ್ಯಾನನ್ನು ಕೈಯಲ್ಲೇ ತುಂಬಿ.