ಮುಟ್ಟಿದರೆ ಸುಡದ ರೇಡಿಯೇಟರ್: ನಮ್ಮ ಮನೆ ಹೀಟ್ ಪಂಪ್ ಹೇಗಿದೆ?

ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸಿದರೆ ಬಿಲ್ ಇಳಿಯುತ್ತಾ? ಇಂಗ್ಲೆಂಡಿನಲ್ಲಿ ಕನ್ನಡದವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಇದನ್ನೇ. ಸುಮ್ನೆ ಹಾಕಿಸಿದರೆ ಇಳಿಯಲ್ಲ. ಜೊತೆಗೆ ಕರೆಂಟಿನ ಟ್ಯಾರಿಫನ್ನೂ ಬದಲಾಯಿಸಬೇಕು.

ನಮ್ಮದು ರೆಡಿಂಗ್‌ನಲ್ಲಿ 1970ರ ದಶಕದ ಮೂರು ಬೆಡ್‌ರೂಮಿನ ಮನೆ. ಹಾಕಿಸಿರುವುದು ವೈಲಂಟ್ ಕಂಪನಿಯ ಆರೋಥರ್ಮ್ ಪ್ಲಸ್, 7 ಕಿಲೋವ್ಯಾಟಿನದು. ಫ್ರಿಜ್ಜಿನ ಹಿಂಭಾಗ ಬಿಸಿಯಾಗುತ್ತದಲ್ಲ, ಅದೇ ಕೆಲಸವನ್ನು ಇದು ದೊಡ್ಡದಾಗಿ ಮಾಡುತ್ತದೆ. ಹೊರಗಿನ ತಣ್ಣನೆ ಗಾಳಿಯಿಂದಲೇ ಶಾಖ ಎಳೆದು ನೀರಿಗೆ ಕೊಡುತ್ತದೆ, ಆ ನೀರು ಗೋಡೆಯ ರೇಡಿಯೇಟರುಗಳಲ್ಲಿ ಹರಿದು ರೂಮುಗಳನ್ನು ಬೆಚ್ಚಗಾಗಿಸುತ್ತದೆ. ಒಂದು ಯೂನಿಟ್ ಕರೆಂಟಿಗೆ ನಮಗೆ ಸರಾಸರಿ ಮೂರೂವರೆ ಯೂನಿಟ್ ಶಾಖ ಸಿಗುತ್ತಿದೆ.

ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಇಲ್ಲಿ ಗ್ಯಾಸ್ ಯೂನಿಟ್ಟಿಗೆ ಸುಮಾರು 6 ಪೆನ್ಸ್, ಕರೆಂಟು ಸುಮಾರು 25. ಇಪ್ಪತ್ತೈದನ್ನು ಮೂರೂವರೆಯಿಂದ ಭಾಗಿಸಿ, 7 ಚಿಲ್ಲರೆ ಬರುತ್ತದೆ. ಬಾಯ್ಲರ್‌ನಲ್ಲಿ ವ್ಯರ್ಥವಾಗುವ ಶಾಖ ಸೇರಿಸಿದರೆ ಗ್ಯಾಸೂ 7ರ ಹತ್ತಿರವೇ. ಅಲ್ಲಿಗಲ್ಲಿಗೆ ಆಯಿತು. ನಮಗೆ ನಿಜವಾಗಿ ಉಳಿತಾಯ ಬಂದದ್ದು ಕರೆಂಟ್ ಕಂಪನಿ ಆಕ್ಟೋಪಸ್‌ನವರ ಕೋಜಿ ಟ್ಯಾರಿಫ್‌ನಿಂದ. ಬೆಳಗಿನ ಜಾವ 4ರಿಂದ 7, ಮಧ್ಯಾಹ್ನ 1ರಿಂದ 4, ರಾತ್ರಿ 10ರಿಂದ 12ರವರೆಗೆ ದರ ಹೆಚ್ಚುಕಡಿಮೆ ಅರ್ಧ. ಸಂಜೆ 4ರಿಂದ 7 ಮಾತ್ರ ಸುಮಾರು ಒಂದೂವರೆ ಪಟ್ಟು.

ಹಾಗಾಗಿ ಬೆಳಗಿನ ಜಾವವೇ ಮನೆಯನ್ನು 21 ಡಿಗ್ರಿಗೆ ತರುತ್ತೇವೆ, ಮಧ್ಯಾಹ್ನ ಇನ್ನೊಂದು ಸುತ್ತು. 4 ಗಂಟೆಗೆ ಪಂಪ್ ನಿಲ್ಲುತ್ತದೆ. ಗೋಡೆಯ ಟೊಳ್ಳಿಗೆ ಇನ್ಸುಲೇಶನ್ ತುಂಬಿಸಿದ್ದರಿಂದ 7ರ ಹೊತ್ತಿಗೆ ಒಂದು ಡಿಗ್ರಿ ಇಳಿದಿರುತ್ತದೆ, ಅಷ್ಟೇ. ಸಂದುಗೊಂದುಗಳಲ್ಲಿ ಗಾಳಿ ನುಗ್ಗುವ ಮನೆಯಲ್ಲಿ ಈ ಆಟ ನಡೆಯಲ್ಲ.

ತೊಂದರೆ ಅಡುಗೆಯದು. ಆ ದುಬಾರಿ ಮೂರು ಗಂಟೆಯಲ್ಲೇ ಮಕ್ಕಳು ಸ್ಕೂಲಿಂದ ಬಂದು ಹಸಿವು ಅನ್ನುವುದು. ಗ್ಯಾಸ್ ಮೀಟರನ್ನೇ ತೆಗೆಸಿ ಬಳಸದಿದ್ದರೂ ಕಟ್ಟಬೇಕಾದ ಸ್ಟ್ಯಾಂಡಿಂಗ್ ಚಾರ್ಜ್, ದಿನಕ್ಕೆ 30 ಪೆನ್ಸ್‌ನಷ್ಟು, ಉಳಿಸಿದ್ದೇವೆ, ಹಾಗಾಗಿ ಒಲೆಯೂ ಇಂಡಕ್ಷನ್. ಕಬ್ಬಿಣದ ದೋಸೆ ಹೆಂಚು ಅದರ ಮೇಲೆ ಸೊಗಸಾಗಿ ಕಾಯುತ್ತದೆ. ಫುಲ್ಕಾ ಉಬ್ಬಿಸಲು ಬೆಂಕಿ ಇಲ್ಲ ಅನ್ನುವ ಕೊರಗು ಇನ್ನೂ ಹೋಗಿಲ್ಲ.

ಶಿವಮೊಗ್ಗದಿಂದ ಬಂದ ಅತ್ತೆ ರೇಡಿಯೇಟರ್ ಮುಟ್ಟಿ ನೋಡಿ, "ಇದು ಕೆಟ್ಟಿದೆ ಕಣೇ, ಬಿಸಿನೇ ಇಲ್ಲ" ಅಂದರು. ಕೆಟ್ಟಿರಲಿಲ್ಲ. ನೀರು ಹರಿಯುವುದೇ 40 ಡಿಗ್ರಿ ಆಸುಪಾಸಿನಲ್ಲಿ, ಹೊರಗೆ ಮೈನಸ್ ಆದಾಗ 45. ಗಂಟೆಗಟ್ಟಲೆ ನಿಧಾನಕ್ಕೆ ಕಾಯಿಸುತ್ತದೆ. ಮೂಲೆ ಮೂಲೆಯೂ ಒಂದೇ ಹದದಲ್ಲಿ ಬೆಚ್ಚಗಿರುತ್ತದೆ. ಆ ಸುಖ ಬಾಯ್ಲರ್ ಇದ್ದಾಗ ಇರಲಿಲ್ಲ. ರೇಡಿಯೇಟರ್ ಮೇಲೆ ಹಾಕಿದ ಯೂನಿಫಾರ್ಮ್ ಒಣಗುವುದು ಮಾತ್ರ ತಡ.

ಬಿಸಿನೀರಿಗೆ 200 ಲೀಟರಿನ ಸಿಲಿಂಡರ್, ಅಂದರೆ ಟ್ಯಾಂಕ್ ಇದೆ, ಒಂದು ಇಡೀ ಕಪಾಟು ಅದಕ್ಕೇ ಹೋಯಿತು. ಆಗಿಂದಾಗಲೇ ನೀರು ಕಾಯಿಸುವ ಕಾಂಬಿ ಬಾಯ್ಲರ್ ಥರ ನಲ್ಲಿ ತಿರುಗಿಸಿದಷ್ಟೂ ಬರಲ್ಲ. ದೀಪಾವಳಿಗೆ ನೆಂಟರೆಲ್ಲ ಸೇರಿದಾಗ ಎಣ್ಣೆ ಸ್ನಾನಕ್ಕೆ ಕ್ಯೂ ಮಾಡಿ, ಶವರ್ ಬಿಟ್ಟು ಬಕೆಟ್ ಹಿಡಿಸಿದೆವು. ಸದ್ಯ, ನರಕ ಚತುರ್ದಶಿಯ ಸ್ನಾನದ ಹೊತ್ತೂ ಅಗ್ಗದ ಕರೆಂಟಿನ ಹೊತ್ತೂ ಒಂದೇ!

ಬೇಸಿಗೆಗೆ ಇದರಿಂದ ನಮಗೆ ಪ್ರಯೋಜನವಿಲ್ಲ. 2022ರ ಜುಲೈನಲ್ಲಿ ಇಂಗ್ಲೆಂಡಿನ ಕೆಲವೆಡೆ 40 ಡಿಗ್ರಿ ದಾಟಿತ್ತು, ಹಾಗಾಗಿ ಎಲ್ಲರೂ ಕೇಳುತ್ತಾರೆ. ಪಂಪ್ ಉಲ್ಟಾ ಓಡಿ ತಂಪು ಮಾಡಬಲ್ಲದು. ಆದರೆ ಮಾಮೂಲಿ ರೇಡಿಯೇಟರಿಗೆ ತಣ್ಣೀರು ಬಿಟ್ಟರೆ ಅದರ ಮೈಯೆಲ್ಲ ಬೆವರಿ ನೆಲಕ್ಕೆ ನೀರು ತೊಟ್ಟಿಕ್ಕುತ್ತದೆ. ಅದಕ್ಕೆ ಒಳಗೇ ಫ್ಯಾನ್ ಇರುವ ಫ್ಯಾನ್ ಕಾಯಿಲ್ ಬೇಕು, ಖರ್ಚು ಬೇರೆ.

ಖರ್ಚೆಂದರೆ, ಸರ್ಕಾರದ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್‌ನ ಸಹಾಯಧನ 7,500 ಪೌಂಡ್ ಕಳೆದು ನಮ್ಮ ಕೈಯಿಂದ ಸುಮಾರು 5 ಸಾವಿರ ಹೋಯಿತು, ದೊಡ್ಡ ರೇಡಿಯೇಟರುಗಳೂ ಸೇರಿ. ಎಂಸಿಎಸ್ (ಇಂಥ ಕೆಲಸ ಮಾಡುವವರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ) ಮಾನ್ಯತೆ ಇರುವವರಿಂದ ಮಾಡಿಸಿದರೆ ಮಾತ್ರ ಆ ಹಣ ಸಿಗುತ್ತದೆ, ಅವರೇ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ.

ನನ್ನ ಸಿಟ್ಟೆಲ್ಲ ಇರುವುದು ಹಾಕಿಕೊಟ್ಟವರ ಮೇಲೆ. ನೀರಿನ ಬಿಸಿಯನ್ನು 55ಕ್ಕೆ ಇಟ್ಟು, ಹೊರಗಿನ ಹವೆಗೆ ತಕ್ಕಂತೆ ಅದನ್ನು ತಾನೇ ಬದಲಿಸುವ ಸೆಟ್ಟಿಂಗ್ ಆಫ್ ಮಾಡಿ ಹೋಗಿದ್ದರು. ನೀರು ಬಿಸಿಯಾದಷ್ಟೂ ಪಂಪ್ ಹೆಚ್ಚು ಕರೆಂಟು ತಿನ್ನುತ್ತದೆ. ಮೊದಲ ಚಳಿಗಾಲದ ಬಿಲ್ ನೋಡಿ ಯಜಮಾನರ ಮುಖ ಕಪ್ಪಿಟ್ಟಿತು. ಫೋನ್ ಮಾಡಿ ಮಾಡಿ ಸಾಕಾಯಿತು, ವಾಪಸ್ ಬರಲೇ ಇಲ್ಲ. ಮ್ಯಾನುಯಲ್ ಓದಿ ನಾನೇ ಸರಿ ಮಾಡಿಕೊಂಡೆ. ನೀವು ಕೊಟೇಶನ್ ತಗೊಳ್ಳುವಾಗಲೇ ಕೇಳಿ: ಒಂದೊಂದು ರೂಮಿನ ಶಾಖದ ಲೆಕ್ಕ ತೋರಿಸಿ, ಎಷ್ಟು ಡಿಗ್ರಿ ನೀರಿಗೆ ಡಿಸೈನ್ ಮಾಡಿದ್ದೀರಿ, ಹಳೇ ಸಣ್ಣ ಪೈಪುಗಳಲ್ಲಿ ಅಷ್ಟು ನೀರು ಹೋಗುತ್ತಾ? ತಡವರಿಸಿದರೆ ಬೇರೆಯವರನ್ನು ನೋಡಿ.