ಎಎಕ್ಸ್3000 ಮೆಶ್ ಜೋಡಿ, ಮೂರು ವರ್ಷದ ಬಳಕೆಯ ನಂತರ: ನಡುವೆ ಕೇಬಲ್ ಇದ್ದರೆ ಮಾತ್ರ ನಾಲ್ಕು ಸ್ಟಾರ್

ಮೂರು ವರ್ಷ ಹಗಲೂ ರಾತ್ರಿ ಓಡಿದ ಮೇಲೆ ಮನೆಯಿಡೀ ಒಂದೇ ವೈ-ಫೈ ಹರಡುವ ಈ ಎರಡು ರೌಟರ್ ಡಬ್ಬಗಳ ವೈ-ಫೈ 6 ಮೆಶ್ ಸೆಟ್‌ಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡಬಹುದು. ಆದರೆ ಆ ನಾಲ್ಕು, ಎರಡೂ ಡಬ್ಬಗಳ ನಡುವೆ ಈಥರ್ನೆಟ್ ಕೇಬಲ್ ಎಳೆಸಿದವರಿಗೆ. ಕೇಬಲ್ ಇಲ್ಲದೆ ಗಾಳಿಯಲ್ಲೇ ಜೋಡಿಸಿದರೆ ಎರಡೂವರೆ. ನಡುವೆ ಎರಡು ಕಾಂಕ್ರೀಟ್ ಗೋಡೆ ಬಂದರೆ ಅದೂ ಜಾಸ್ತಿಯೇ.

ಮೊದಲು ರಟ್ಟಿನ ಮೇಲಿನ 3000ದ ಲೆಕ್ಕ ನೋಡಿ. 2.4 ಗಿಗಾಹರ್ಟ್ಸ್‌ನ 574 ಮತ್ತು 5 ಗಿಗಾಹರ್ಟ್ಸ್‌ನ 2402 ಎಂಬಿಪಿಎಸ್ ಕೂಡಿಸಿ, ಮೇಲಕ್ಕೆ ಹೊಂದಿಸಿದ ಸಂಖ್ಯೆ ಅದು. ಒಂದು ಫೋನ್ ಒಂದು ಹೊತ್ತಿಗೆ ಸಾಮಾನ್ಯವಾಗಿ ಈ ಎರಡರಲ್ಲಿ ಒಂದೇ ಬ್ಯಾಂಡ್‌ನಲ್ಲಿ (ತರಂಗಪಟ್ಟಿಯಲ್ಲಿ) ಇರುತ್ತದೆ. 2402 ಸಿಗಬೇಕಾದರೆ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು. ಬಹಳಷ್ಟು ಫೋನ್‌ಗಳು 80ಕ್ಕೇ ನಿಲ್ಲುತ್ತವೆ, ಅಲ್ಲಿ ಲಿಂಕ್ ವೇಗ 1201. ಕೈಗೆ ಬರುವುದು ಅದರಲ್ಲಿ ಅರ್ಧದಿಂದ ಮೂರನೇ ಎರಡು ಭಾಗ, ಅದೂ ಅದೇ ಕೋಣೆಯಲ್ಲಿ ಕೂತರೆ. ಡಬ್ಬದ ಪೋರ್ಟ್ ಒಂದು ಗಿಗಾಬಿಟ್‌ನದ್ದಾದ್ದರಿಂದ ಇಂಟರ್ನೆಟ್ ಹೇಗೂ 940ರ ಆಸುಪಾಸಿಗಿಂತ ಮೇಲೇರುವುದಿಲ್ಲ. ಬರೀ ಸಂಖ್ಯೆಗೆ ಮರುಳಾಗಿ ಎಎಕ್ಸ್5400ಕ್ಕೆ ಹೋಗುವವರು ಮೊದಲು ತಮ್ಮ ಫೋನಿನ ಆಂಟೆನಾ ಎಷ್ಟು ಅಂತ ನೋಡಿಕೊಳ್ಳಲಿ. ಎರಡಿದ್ದರೆ ಆ ಹೆಚ್ಚಿನ ವೇಗ ಅದಕ್ಕೆ ದಕ್ಕದು, ಹೆಚ್ಚಿನ ದುಡ್ಡು ಹೆಚ್ಚುಕಡಿಮೆ ದಂಡ.

ಕೇಬಲ್ ಯಾಕೆ ಅಷ್ಟು ಮುಖ್ಯ? ಇದು ಎರಡು ಬ್ಯಾಂಡ್‌ನ ಸೆಟ್. ಫೋನಿನ ಜೊತೆ ಮಾತಾಡುವುದೂ, ಇನ್ನೊಂದು ಡಬ್ಬದ ಜೊತೆ ಮಾತಾಡುವುದೂ ಒಂದೇ 5 ಗಿಗಾಹರ್ಟ್ಸ್ ರೇಡಿಯೊ. ಒಂದೇ ಪ್ಯಾಕೆಟ್ ಅದೇ ಚಾನೆಲ್‌ನಲ್ಲಿ ಎರಡು ಸಲ ಹಾರಬೇಕು, ಹಾಗಾಗಿ ಎರಡನೇ ಡಬ್ಬದ ಬಳಿ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಡಬ್ಬಗಳ ಮಾತಿಗೇ ಪ್ರತ್ಯೇಕ ರೇಡಿಯೊ ಇರುವ ಟ್ರೈ-ಬ್ಯಾಂಡ್ ಸೆಟ್‌ಗಳಲ್ಲಿ ಈ ಕಾಟ ಕಡಿಮೆ.

ಕೇಬಲ್ ಎಳೆಯುವುದು ಸಾಧ್ಯವೇ ಇಲ್ಲ ಎಂದಾದರೆ, ಸಿಗ್ನಲ್ ಸಿಗದ ಕೋಣೆಯೊಳಗೆ ಎರಡನೇ ಡಬ್ಬ ಇಡಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧ ದಾರಿಯಲ್ಲಿ, ವೈ-ಫೈ ಅನಲೈಸರ್ ಆ್ಯಪ್‌ನಲ್ಲಿ ಮೈನಸ್ 65 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ದುರ್ಬಲ) ಆಸುಪಾಸು ತೋರಿಸುವ ಜಾಗದಲ್ಲಿ ಇಡಿ. ಮೈನಸ್ 80 ಇರುವಲ್ಲಿ ಇಟ್ಟರೂ ಫೋನಿನಲ್ಲಿ ಗೆರೆ ಪೂರ್ತಿ ಕಾಣುತ್ತದೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಆ ಗೆರೆಗಳು ಹತ್ತಿರದ ಡಬ್ಬದ ಸಿಗ್ನಲ್ ಹೇಳುತ್ತವೆಯೇ ಹೊರತು ಆ ಡಬ್ಬಕ್ಕೆ ಹಿಂದಿನಿಂದ ಏನು ಬರುತ್ತಿದೆ ಅಂತಲ್ಲ. ಕನ್ನಡಿ, ಕಬ್ಬಿಣದ ಬೀರು, ಮೀನಿನ ತೊಟ್ಟಿ ದಾರಿಗೆ ಅಡ್ಡ ಬರದಂತೆ ನೋಡಿಕೊಳ್ಳಿ.

ಕೇಬಲ್‌ಗೆ ಕ್ಯಾಟ್ 5ಇ ಸಾಕು, ನೂರು ಮೀಟರ್‌ವರೆಗೆ ಗಿಗಾಬಿಟ್ ತಾಳುತ್ತದೆ. ಅಪ್ಪಟ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಕೇಬಲ್ ಕ್ರಿಂಪ್ ಮಾಡುವಾಗಲೇ, ಅಂದರೆ ತುದಿಗೆ ಪ್ಲಗ್ ಒತ್ತಿ ಕೂರಿಸುವಾಗಲೇ, ಮುರಿಯುತ್ತದೆ. ದೀರ್ಘಕಾಲದ ಬಳಕೆಯಲ್ಲಿ ಬರುವ ಅತಿ ಮೋಸದ ದೋಷ ಹುಟ್ಟುವುದೂ ಈ ತುದಿಗಳಲ್ಲೇ. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು, 100 ಎಂಬಿಪಿಎಸ್‌ಗೆ 1, 2, 3 ಮತ್ತು 6ನೇ ಪಿನ್ ಸಾಕು. ಹಾಗಾಗಿ ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಸಡಿಲವಾದರೂ ಲೈಟು ಉರಿಯುತ್ತದೆ, ನೆಟ್ ನಡೆಯುತ್ತದೆ, ವೇಗ ಮಾತ್ರ 94ರ ಹತ್ತಿರ ಗೂಟ ಹೊಡೆದಂತೆ ನಿಲ್ಲುತ್ತದೆ. ಆ ಸಂಖ್ಯೆ ಕಂಡರೆ ರೌಟರ್ ರೀಸೆಟ್ ಮಾಡುತ್ತಾ ಕೂರಬೇಡಿ. ಸೆಟ್ಟಿಂಗ್ಸ್ ಪುಟದಲ್ಲಿ ಪೋರ್ಟ್‌ನ ಲಿಂಕ್ ವೇಗ ನೋಡಿ, 100 ಅಂತಿದ್ದರೆ ಎರಡೂ ತುದಿ ಕತ್ತರಿಸಿ ಒಂದೇ ಬಣ್ಣದ ಕ್ರಮದಲ್ಲಿ ಮತ್ತೆ ಕ್ರಿಂಪ್ ಮಾಡಿ.

ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಮೋಡೆಮ್ ತಾನೇ ರೌಟರ್ ಆಗಿದ್ದರೆ, ಇದನ್ನೂ ರೌಟರ್ ಆಗಿಯೇ ಬಿಡುವುದು ಎರಡು ಸಲ ನ್ಯಾಟ್ (ಮನೆಯೊಳಗಿನ ಸಾಧನಗಳ ವಿಳಾಸವನ್ನು ಹೊರಗಿನ ಒಂದೇ ವಿಳಾಸಕ್ಕೆ ಬದಲಿಸುವ ಕೆಲಸ) ಮಾಡಿದಂತೆ. ಬ್ರೌಸಿಂಗ್‌ಗೆ ತೊಂದರೆ ಕಾಣದು. ಹೊರಗಿನಿಂದ ಕ್ಯಾಮೆರಾ ನೋಡುವಾಗ, ಆನ್‌ಲೈನ್ ಆಟದಲ್ಲಿ, ಮೋಡೆಮ್ ಕಡೆಯ ವೈ-ಫೈನಲ್ಲಿ ಉಳಿದ ಪ್ರಿಂಟರ್ ಹುಡುಕುವಾಗ ಕೈಕೊಡುತ್ತದೆ. ಮೋಡೆಮನ್ನು ರೌಟರ್ ಕೆಲಸ ಬಿಟ್ಟು ಬರೀ ಸಂಪರ್ಕ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿಸಿ. ಅದಾಗದಿದ್ದರೆ ಈ ಸೆಟ್ ಅನ್ನು ವೈ-ಫೈ ಮಾತ್ರ ಹರಡುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಮೋಡೆಮ್‌ನ ವೈ-ಫೈ ಆಫ್ ಮಾಡಿ. ಆಗ ಮಕ್ಕಳ ಸಮಯ ನಿಯಂತ್ರಣದಂಥ ಸೌಲಭ್ಯಗಳು ಹೋಗುತ್ತವೆ ಅನ್ನುವುದು ನೆನಪಿರಲಿ.

160 ಮೆಗಾಹರ್ಟ್ಸ್ ಆಯ್ಕೆ ಆಫ್ ಮಾಡಿಡುವುದೇ ಲೇಸು. ಅಷ್ಟು ಅಗಲಕ್ಕೆ 36ರಿಂದ 64ರವರೆಗಿನ ಚಾನೆಲ್‌ಗಳನ್ನು ಬಳಸಿದರೆ 52ರಿಂದಾಚೆಗಿನವು ರೇಡಾರ್‌ಗಳ ಜೊತೆ ಹಂಚಿಕೊಂಡವು; ರೇಡಾರ್ ಸುಳಿವು ಸಿಕ್ಕ ಕೂಡಲೇ ಡಬ್ಬ ಆ ಚಾನೆಲ್ ಬಿಟ್ಟು ಏಳಬೇಕು, ಅರ್ಧ ಗಂಟೆ ಅಲ್ಲಿಗೆ ಮರಳುವಂತಿಲ್ಲ. "ಆಗಾಗ ಸುಮ್ಮನೆ ಕಟ್ ಆಗುತ್ತೆ" ಅನ್ನುವ ಎಷ್ಟೋ ದೂರಿನ ಮೂಲ ಇದು. 2.4ರಲ್ಲಿ 20 ಮೆಗಾಹರ್ಟ್ಸ್ ಇಟ್ಟು 1, 6, 11ನೇ ಚಾನೆಲ್‌ಗಳಲ್ಲಿ ಖಾಲಿಯಿರುವುದನ್ನು ಆಯ್ದುಕೊಳ್ಳಿ. ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು, ಹೊಸ ಭದ್ರತಾ ವಿಧಾನವಾದ ಡಬ್ಲ್ಯೂಪಿಎ3 ಕಂಡರೆ ಕೆಲವು ಸೇರುವುದೇ ಇಲ್ಲ. ಅವಕ್ಕೆ ಹಳೆಯ ಡಬ್ಲ್ಯೂಪಿಎ2 ಇರುವ ಗೆಸ್ಟ್ ನೆಟ್‌ವರ್ಕ್ ಕೊಟ್ಟು ಬೇರೆ ಕೂರಿಸಿ.

ಮೂರು ವರ್ಷದಲ್ಲಿ ಸವೆದದ್ದು ರೇಡಿಯೊ ಅಲ್ಲ, ಅಡಾಪ್ಟರ್. ಎಲ್ಲರೂ ಮನೆಯಲ್ಲಿರುವ ಸಂಜೆ ಹೊತ್ತಿಗೇ ಡಬ್ಬ ತಾನಾಗಿ ರೀಸ್ಟಾರ್ಟ್ ಆಗತೊಡಗಿದರೆ ಮೊದಲ ಅನುಮಾನ ಅದರ ಮೇಲಿರಲಿ. ಲೋಡ್ ಏರಿದಾಗ ವೋಲ್ಟೇಜ್ ಕುಸಿಯುತ್ತದೆ. ಬದಲಿಗೆ ತರುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಪಿನ್ನಿನ ಗಾತ್ರ ಮತ್ತು ಧ್ರುವ ಹೊಂದಬೇಕು. ಫರ್ಮ್‌ವೇರ್ (ಡಬ್ಬದೊಳಗಿನ ತಂತ್ರಾಂಶ) ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆಂದು ಕೊಳ್ಳುವ ಮುಂಚೆಯೇ ನೋಡಿ. ಸ್ಟಾರ್ ಕಳೆದದ್ದು ಆ್ಯಪ್‌ಗಾಗಿ: ಲಾಗಿನ್ ಆಗದೆ ಸೆಟಪ್ಪೇ ಮುಂದೆ ಹೋಗದು, ಬ್ರೌಸರ್ ಪುಟದಲ್ಲಿ ಅರ್ಧ ಆಯ್ಕೆಗಳೇ ಇಲ್ಲ.

ಸಣ್ಣ ಮನೆಗೆ ನಡುವೆ ಇಟ್ಟ ಒಂದೇ ಒಳ್ಳೆಯ ರೌಟರ್ ಸಾಕು, ಮೆಶ್ ಬೇಡ. ಈ ಸೆಟ್ ಕೊಳ್ಳುವವರು ಪೋರ್ಟ್ ಎಣಿಸಿಕೊಳ್ಳಿ: ಡಬ್ಬಕ್ಕೆ ಎರಡೇ. ಮುಖ್ಯ ಡಬ್ಬದಲ್ಲಿ ಮೋಡೆಮ್‌ಗೊಂದು, ಎರಡನೇ ಡಬ್ಬಕ್ಕೊಂದು ಹೋದರೆ ಟಿವಿಗೆ ಉಳಿಯದು, ಐದು ಪೋರ್ಟ್‌ನ ಗಿಗಾಬಿಟ್ ಸ್ವಿಚ್ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ಬೇಕಾಗುತ್ತದೆ. ಸೆಟ್ ರೌಟರ್ ಮೋಡ್‌ನಲ್ಲಿದ್ದರೆ ಆ ಸ್ವಿಚ್ ಮುಖ್ಯ ಡಬ್ಬದ ನಂತರ ಬರಬೇಕು. ಮೋಡೆಮ್ ಮತ್ತು ಮುಖ್ಯ ಡಬ್ಬದ ನಡುವೆ ಹಾಕಿ ಅಲ್ಲಿಂದ ಎರಡನೆಯದಕ್ಕೆ ಕೇಬಲ್ ಕೊಟ್ಟರೆ ಎರಡನೆಯದು ಮುಖ್ಯ ಡಬ್ಬದ ನೆಟ್‌ವರ್ಕ್‌ನ ಹೊರಗೇ ಉಳಿಯುತ್ತದೆ, ಮೆಶ್‌ಗೆ ಸರಿಯಾಗಿ ಸೇರುವುದಿಲ್ಲ.