ಅಡುಗೆ ಕಟ್ಟೆಗೆ ಫರ್ಸಿಯೋ, ಇಳಕಲ್ಲಿನ ಗ್ರಾನೈಟೋ?

ಬಾಗಲಕೋಟೆಯ ನಮ್ಮ ಹಳೇ ಮನೆಯ ಅಡುಗೆ ಕಟ್ಟೆ ಶಹಾಬಾದ್ ಫರ್ಸಿಯದು. ಹೊಸ ಮನೆಗೂ ಅದೇ ಇರಲಿ ಎಂದರೆ ಅವ್ವ ಒಪ್ಪಲಿಲ್ಲ. "ಹುಣಸಿ ಹುಳಿ ಬಿದ್ದ ಕಲಿ ಹೋಗೂದಿಲ್ಲೋ ಯಪ್ಪಾ, ಎಷ್ಟ ವರ್ಷ ತಿಕ್ಕೇನಿ!" ಎಂದಳು. ಹಾಗಾಗಿ ಫರ್ಸಿ, ಇಳಕಲ್ಲಿನ ಕೆಂಪು ಗ್ರಾನೈಟ್, ಬಾದಾಮಿ ಕಡೆಯ ಮರಳುಗಲ್ಲು, ಮೂರರ ತುಂಡುಗಳನ್ನೂ ಹಿತ್ತಲಲ್ಲಿಟ್ಟು ಲಿಂಬೆರಸ ಹಿಂಡಿದೆ.

ಫರ್ಸಿಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಒರೆಸಿದರೆ ಹೊಳಪು ಹೋಗಿ ಬಿಳಿಚಿದ ಗುರುತು. ಫರ್ಸಿ ಸುಣ್ಣಕಲ್ಲು, ಅದರಲ್ಲಿ ಕ್ಯಾಲ್ಸಿಯಂ ಅಯಾನು, ಕಾರ್ಬೊನೇಟ್ ಅಯಾನುಗಳು (ಅಯಾನು ಅಂದರೆ ವಿದ್ಯುದಾವೇಶವಿರುವ ಕಣ) ವಿದ್ಯುತ್ ಸೆಳೆತದಿಂದ ಕೂಡಿಕೊಂಡಿವೆ. ಹುಳಿಯ ಹೈಡ್ರೋಜನ್ ಅಯಾನು ಕಾರ್ಬೊನೇಟನ್ನು ಮುರಿದು ಇಂಗಾಲದ ಡೈಆಕ್ಸೈಡ್ ಹೊರಡಿಸುತ್ತದೆ, ಕ್ಯಾಲ್ಸಿಯಂ ರಸದಲ್ಲಿ ಕರಗುತ್ತದೆ. ಅಂದರೆ ಅವ್ವ ತಿಕ್ಕಿದ್ದು ಅಂಟಿದ ಕಲೆಯನ್ನಲ್ಲ, ಕಲ್ಲೇ ಕರಗಿಹೋದ ಜಾಗವನ್ನು. ಅದು ಹೋಗುವುದಾದರೂ ಹೇಗೆ?

ಗ್ರಾನೈಟಿಗೆ ಏನೂ ಆಗಲಿಲ್ಲ. ಅದರಲ್ಲಿರುವ ಕ್ವಾರ್ಟ್ಸ್ ಎಂಬ ಖನಿಜದಲ್ಲಿ ಒಂದೊಂದು ಸಿಲಿಕಾನ್ ನಾಲ್ಕು ಆಕ್ಸಿಜನ್‌ಗಳ ಜೊತೆ ಸಹವೇಲೆನ್ಸಿ ಬಂಧದಲ್ಲಿದೆ, ಅಂದರೆ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡಿದೆ, ಆ ಹೆಣಿಗೆ ಎಲ್ಲ ದಿಕ್ಕಿಗೂ ಹಬ್ಬಿದೆ. ಲಿಂಬೆರಸಕ್ಕೆ ಅದನ್ನು ಬಿಡಿಸುವ ಶಕ್ತಿಯಿಲ್ಲ. ಚಾಕುವಿಗೂ ಇಲ್ಲ: ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಚಾಕುವಿನ ಉಕ್ಕು ಸುಮಾರು 5.5, ಕ್ವಾರ್ಟ್ಸ್ 7. ಫರ್ಸಿಯಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ಖನಿಜ ಕ್ಯಾಲ್ಸೈಟ್ ಬರೀ 3, ಗೀರು ತಕ್ಷಣ ಬಿತ್ತು.

ನನ್ನನ್ನು ಯೋಚನೆಗೆ ಹಚ್ಚಿದ್ದು ಮರಳುಗಲ್ಲು. ಅದರಲ್ಲೂ ಹೆಚ್ಚಾಗಿ ಇರುವುದು ಅದೇ ಗಟ್ಟಿ ಕ್ವಾರ್ಟ್ಸ್, ಹುಳಿಗೆ ಅದೂ ಜಗ್ಗಲಿಲ್ಲ. ಆದರೆ ಮೊಳೆಯಿಂದ ಕೆರೆದರೆ ಹರಳು ಉದುರಿದವು, ಎಣ್ಣೆಯ ಹನಿ ಇಂಗಿಹೋಯಿತು. ಗ್ರಾನೈಟಿನ ಹರಳುಗಳು ಶಿಲಾರಸ ನಿಧಾನವಾಗಿ ಆರುವಾಗ ಒಂದರೊಳಗೊಂದು ಕಚ್ಚಿಕೊಂಡು ಬೆಳೆದಂಥವು. ಮರಳುಗಲ್ಲಿನ ಕಾಳುಗಳನ್ನು ಹಿಡಿದಿರುವುದು ನಡುವಿನ ಬೆಸುಗೆ ಮಾತ್ರ, ಅಲ್ಲಲ್ಲಿ ಪೊಳ್ಳು ಬೇರೆ. ಚಾಲುಕ್ಯರು 6ನೇ ಶತಮಾನದಲ್ಲೇ ಬಾದಾಮಿಯ ಬಂಡೆಯಲ್ಲಿ ಗುಹೆ ಕೊರೆದು, ನಟರಾಜನ ಹದಿನೆಂಟು ಕೈಗಳನ್ನು ಕಡೆಯಲು ಈ ಕಲ್ಲಿನ ಗುಣ ಅನುಕೂಲವಾಯಿತು. ಅಡುಗೆ ಕಟ್ಟೆಗೆ ಮಾತ್ರ ಬೇಡ.

ಗೌಂಡಿಯವರು ಕಟ್ಟೆಗೆ ಗ್ರಾನೈಟ್ ಕೂರಿಸಿದರು. ಪಡಸಾಲೆಗೆ ನಾನು ಹಟ ಹಿಡಿದು ಫರ್ಸಿಯನ್ನೇ ಹಾಕಿಸಿದೆ. ಪದರ ಪದರವಾಗಿ ಬಿಡುವ ಕಲ್ಲಾದ್ದರಿಂದ ಅಗ್ಗವೂ ಹೌದು, ಅಲ್ಲಿ ಹುಳಿಯ ಕಾಟವೂ ಇಲ್ಲ. ಕಟ್ಟೆಗೆ ಕಲ್ಲು ಆರಿಸಲು ಹೋಗುವವರು ಅರ್ಧ ಲಿಂಬೆಹಣ್ಣು ಒಯ್ಯಿರಿ. ತುಂಡಿನ ಮೇಲೆ ಹಿಂಡಿ, ಹತ್ತು ನಿಮಿಷ ಬಿಟ್ಟು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.